ಕೊಸರಿಗೆ ಬಂದ ಒಂಬತ್ತು ಇಟ್ಟಿಗೆ

ಹೊಸದುರ್ಗದ ಗುಡ್ಡಪ್ಪ ಆ ಒಂಬತ್ತು ಇಟ್ಟಿಗೆಯ ಕೊಸರು ಕೇಳದೆ ಇದ್ದಿದ್ದರೆ ಅವನ ಮಾನ ಅವನ ಹತ್ತಿರವೇ ಇರುತ್ತಿತ್ತು. ಕೆಸರಾಗುವ ಅಂಗಳಕ್ಕೆ ಹಾಸಲು ಸಾವಿರ ಇಟ್ಟಿಗೆ ಕೊಂಡಿದ್ದ. ಅಷ್ಟಕ್ಕೆ ಬಿಡದೆ, ಇಟ್ಟಿಗೆ ಸುಡುವ ದಾವೂದ್ ಸಾಬರ ಗಾಡಿಗೆ ಅಡ್ಡ ನಿಂತು, ಗಂಟಲು ಹರಿಯುವಂತೆ ಜಗಳವಾಡಿ, ಮೇಲೆ ಒಂಬತ್ತು ಇಳಿಸಿಕೊಂಡ.

ಬೆಳಿಗ್ಗೆ ಹಾಸಲು ಕೂತಾಗ ಬೀದಿಯ ಕೊನೆಮನೆಯ ಪಂಚಾಕ್ಷರಪ್ಪ ಮೇಷ್ಟ್ರು ಬಂದು ನಿಂತರು.

“ಎಷ್ಟವೆ ಗುಡ್ಡಪ್ಪ?”

“ಸಾವಿರದ ಒಂಬತ್ತು.”

“ಹಂಗಾದ್ರೆ ಮೂಲೆ ಸರಿಯಾಗಿ ಕೂರಲ್ಲ ಬಿಡು. ಎಷ್ಟೆಷ್ಟರ ಸಾಲು ಹಾಕಿದ್ರೂ ಕೊನೇ ಸಾಲು ತುಂಬಲ್ಲ. ಆ ಸಂಖ್ಯೆ ಜಾತಿಯೇ ಅಂಥದ್ದು, ಯಾವುದರಿಂದ್ಲೂ ಸಮ ಭಾಗ ಆಗಲ್ಲ. ಕೊಸರು ವಾಪಸ್ ಕೊಡು, ಸಾವಿರ ಸಲೀಸಾಗಿ ಕೂರ್ತವೆ.”

“ಮಹಾರಾಜರ ಅಪ್ಪಣೆ ಬಂದ್ರೂ ಕೊಡಲ್ಲ! ಒಂದು ಉಳಿಸಲ್ಲ, ಒಂದು ಒಡೆಯಲ್ಲ, ನಾಕು ಮೂಲೆ ಸರಿಯಾಗಿ ಹಾಸ್ತೀನಿ. ಆಗ್ಲಿಲ್ಲ ಅಂದ್ರೆ ಸಂಜೆ ಬೀದಿ ಜನದ ಮುಂದೆ ನಿಮ್ಮ ಕಾಲಿಗೆ ಬೀಳ್ತೀನಿ!”

ಗುಡ್ಡಪ್ಪ ಯಾರಿಗೂ ತಲೆ ಬಗ್ಗಿಸಿದವನಲ್ಲ. ದೇವರಿಗೂ ನಿಂತೇ ಕೈ ಮುಗಿಯುವವನು. ಬೀದಿಗೆ ಬೀದಿಯೇ ಜಗಲಿ ಹತ್ತಿ ಕೂತಿತು.

ಏಳರ ಸಾಲು ಹಾಕಿದ. ಕೊನೆಗೆ ಒಂದು ಇಟ್ಟಿಗೆ, ಕರೆಯದೆ ಮದುವೆಗೆ ಬಂದ ನೆಂಟನಂತೆ, ಒಂಟಿಯಾಗಿ ಉಳಿಯಿತು. ಎಲ್ಲ ಕಿತ್ತು ಹನ್ನೊಂದರ ಸಾಲು ಹಾಕಿದ, ಎಂಟು ಉಳಿದವು. ಹದಿಮೂರರ ಸಾಲಿಗೂ ಎಂಟೇ.

“ಅವೇ ಎಂಟು ತಿರುಗಿ ಬಂದ್ವಲ್ಲೋ! ನಿನಗಿಂತ ಹಟ ಜಾಸ್ತಿ ಐತೆ ಅವಕ್ಕೆ,” ಎಂದಳು ಎದುರುಮನೆ ಏಕನಾಥಮ್ಮ.

“ಬಾಯಿ ಮುಚ್ಕಂಡು ಎಲೆಅಡಿಕೆ ಹಾಕ್ಕಳವ್ವ!”

ಬೀದಿಯಲ್ಲಿ ಗಾಡಿ ನಿಲ್ಲಿಸಿ ನೋಡುತ್ತಿದ್ದ ದಾವೂದ್ ಸಾಬರಿಗೇ ಕನಿಕರ ಹುಟ್ಟಿತು. “ನನ್ನ ಒಂಬತ್ತು ನಂಗೆ ಕೊಟ್ಬಿಡ್ರಿ ಗುಡ್ಡಪ್ಪನೋರೆ, ಪುಣ್ಯ ಬರ್ತೈತೆ.”

“ಜಗಳ ಆಡಿ ಗೆದ್ದಿದ್ದು ಸಾಬ್ರೆ, ಕೈ ಹಾಕಿದ್ರೆ ನೋಡ್ರಿ!”

ಹೊತ್ತು ತಿರುಗುವಾಗ ಮೂವತ್ತೊಂದರ ಸಾಲಿಗೆ ಬಂದಿದ್ದ. ಹದಿನೇಳು ಉಳಿದವು.

“ಇನ್ನು ಸಾಕು ಮಾಡು,” ಎಂದರು ಮೇಷ್ಟ್ರು. “ಮೂವತ್ತೊಂದರ ತನಕ ಕೂರದೆ ಇದ್ರೆ ಮುಂದೆ ಯಾವುದಕ್ಕೂ ಕೂರಲ್ಲ. ಮೂವತ್ತೆರಡರ ಮೂವತ್ತೆರಡು ಸಾಲಿಗೆ ಇಟ್ಟಿಗೆಯೇ ಸಾಲಲ್ಲ. ಇನ್ನು ಮೇಲೆ, ಆಗಲೇ ಹಾಕಿದ್ದನ್ನೇ ಉದ್ದ ಅಗಲ ತಿರುಗಿಸಿ ಹಾಕ್ದಂಗೆ.”

“ಯಾಕೆ, ಮೂವತ್ತೇಳೇನು ನಿಮ್ಮ ಮಾವನ ಮನೆ ಆಸ್ತಿಯಾ?” ಗುಡ್ಡಪ್ಪ ಹಾಕಿಯೇ ಬಿಟ್ಟ. ಹತ್ತು ಉಳಿದವು.

“ನೋಡಪ್ಪ, ಅದು ಕೂರೋದು ಒಂದೇ ಥರ,” ಎಂದರು ಮೇಷ್ಟ್ರು. “ ಸಾಲಾಗಿ, ಒಂದರ ಹಿಂದೆ ಒಂದು. ಅದನ್ನ ಹಾಸೋದು ಅಂತಾರಾ?”

ಗುಡ್ಡಪ್ಪನ ಕಣ್ಣು ಕೆಂಡವಾಯಿತು. “ಅಂತಾರೆ! ಒಂದು ಇಟ್ಟಿಗೆ ಅಗಲ, ಸಾವಿರದ ಒಂಬತ್ತು ಉದ್ದ. ಎಣಿಸ್ಕಳ್ರಿ, ನಾಕು ಮೂಲೆ ಅವೆ!”

ಮೇಷ್ಟ್ರು ಮನೆಗೆ ನಡೆದರು. ಗುಡ್ಡಪ್ಪ ತನ್ನ ಹೊಸ್ತಿಲಿನಿಂದ ಶುರುಮಾಡಿದ. ಅಂಗಳ ದಾಟಿತು, ಬೀದಿಗೆ ಇಳಿಯಿತು. ಏಕನಾಥಮ್ಮನ ಜಗಲಿ, ದಾವೂದ್ ಸಾಬರ ಗಾಡಿ, ಬಾವಿಕಟ್ಟೆ, ಎಲ್ಲ ಹಿಂದೆ ಬಿದ್ದವು. ಬಗ್ಗಿದ ನಡ ಎತ್ತದೆ, ಅತ್ತ ಇತ್ತ ನೋಡದೆ ಇಡುತ್ತ ಹೋದ. ಊರೆಲ್ಲ ಹಿಂದೆ ಹಿಂದೆ ಬಂತು.

ಕೊನೆಯ ಇಟ್ಟಿಗೆ ಕುಟ್ಟಿ ಕೂರಿಸಿದ. ಒಂದೂ ಉಳಿಯಲಿಲ್ಲ, ಒಂದೂ ಒಡೆಯಲಿಲ್ಲ. ಗೆದ್ದ! ಕೂಗಿ ಹೇಳಬೇಕೆಂದು ತಲೆ ಎತ್ತಲು ಹೋದ. ನಡ ಕಲ್ಲಿನಂತೆ ಹಿಡಿದುಕೊಂಡಿತ್ತು. ಮುಗ್ಗರಿಸಿದ, ಹಣೆ ಯಾರದೋ ಕಾಲಿಗೆ ತಾಗಿತು.

ಸಾಲು ಮುಗಿದದ್ದು ಬೀದಿಯ ಕೊನೆಮನೆ ಬಾಗಿಲಲ್ಲಿ. ಹೊಸ್ತಿಲ ಮೇಲೆ ಮೇಷ್ಟ್ರು ನಿಂತಿದ್ದರು.

“ಸಾಕು ಏಳಪ್ಪ, ನಿನಗೆ ಒಳ್ಳೇದಾಗ್ಲಿ,” ಎಂದು ಅವರು ಗುಡ್ಡಪ್ಪನ ತಲೆ ಮೇಲೆ ಕೈ ಇಟ್ಟರು. ಬೀದಿ ಹೋ ಎಂದಿತು.

“ನಾನು ಬಿದ್ದಿಲ್ಲ! ಗೆದ್ದೀನಿ!” ಎಂದು ಗುಡ್ಡಪ್ಪ ಮೇಷ್ಟ್ರ ಪಾದಕ್ಕೆ ಗದರಿದ.