ಮಾವನ ಲಾರಿಗೆ ಅಳಿಯನ ಅಳತೆ

"ಅಂಗಡಿಯವನ ಮಾತು ಕೇಳಿ ಕಂಪ್ಯೂಟರ್ ಕೊಳ್ಳೋರು ಬೇರೆ ಕಣೇ. ಒಂದೊಂದು ಭಾಗಾನೂ ನಾನೇ ಆರಿಸಿ, ನಾನೇ ಜೋಡಿಸ್ತೀನಿ. ಇಷ್ಟೇ ದುಡ್ಡಲ್ಲಿ ಮಾವನ ಮುಂದೆ ಲಾರಿ ತಂದು ನಿಲ್ಲಿಸದಿದ್ರೆ ನನ್ನ ಕತ್ತರಿ ಕಿತ್ಕೊಂಡು ಬಿಸಾಕು" ಎಂದು ಟೈಲರ್ ಮಾಸ್ಟರು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡರು.

ಕಾಜಾ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಕತ್ತರಿ ಬಿಸಾಕಿದ್ರೆ ನಾಳೆ ಬಟ್ಟೇನ ಹಲ್ಲಲ್ಲಿ ಕತ್ತರಿಸ್ತೀರಾ? ರೀ, ಆ ದುಡ್ಡು ಅಂಚು ಹೊಲಿಯೋ ಓವರ್‌ಲಾಕ್ ಮಷಿನ್‌ಗೆ ಅಂತ ಕೂಡಿಟ್ಟಿದ್ದು. ಅಪ್ಪನ ಮುಖ ನೋಡಿ ಕೊಡ್ತಿದ್ದೀನಿ, ನೆನಪಿರಲಿ."

ಅಪ್ಪನ ಮುಖವಂತೂ ನೋಡುವ ಹಾಗಿರಲಿಲ್ಲ. ಹುಟ್ಟಿದ್ದೇ ಲಾರಿಯಲ್ಲೇನೋ ಎಂಬಂತೆ ಬದುಕಿದ ಮನುಷ್ಯ. ಮೊಣಕಾಲಿನ ಆಪರೇಷನ್ ಆದ ಮೇಲೆ ಡಾಕ್ಟರು ಇನ್ನು ಲಾರಿ ಹತ್ತುವ ಹಾಗಿಲ್ಲ ಎಂದರು. ಲಾರಿ ಮಾರಿದ್ದಾಯಿತು. ಮಗಳ ಮನೆಗೆ ಬಂದು ಕಿಟಕಿ ಪಕ್ಕ ಕೂತದ್ದೂ ಆಯಿತು. ಮೊದಮೊದಲು ರಸ್ತೆಯಲ್ಲಿ ಲಾರಿ ಸದ್ದಾದರೆ "ಎರಡನೇ ಗೇರಿಗೆ ಇಳಿಸೋ, ಇಂಜಿನ್ ಸಾಯ್ತಿದೆ" ಎಂದು ಗೊಣಗುತ್ತಿದ್ದರು. ಈಚೆಗೆ ಗೊಣಗುವುದನ್ನೂ ಬಿಟ್ಟಿದ್ದರು. ಮಗಳಿಗೆ ಭಯವಾದದ್ದು ಅದಕ್ಕೇ. ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟವಿದೆಯಂತೆ, ರಸ್ತೆ, ಲೋಡು, ಬೆಟ್ಟದ ತಿರುವು ಎಲ್ಲ ನಿಜದ ಹಾಗೇ ಇರುತ್ತವಂತೆ, ಕಾಲಿನ ಕೆಲಸವನ್ನೂ ಕೈಯಲ್ಲೇ ಮಾಡಬಹುದಂತೆ ಎಂದು ಯಾರೋ ಹೇಳಿದಾಗ ಅವಳು ಗಂಟು ಬಿಚ್ಚಿದ್ದಳು.

ಮಾಸ್ಟರಿಗೆ ತಮ್ಮದೇ ಒಂದು ಆಸೆಯಿತ್ತು. ಮದುವೆಯಾದ ಹೊಸತರಲ್ಲಿ ಮಾವ ಪ್ರೀತಿಯಿಂದಲೇ ಅಳಿಯನನ್ನು ಲಾರಿಗೆ ಹತ್ತಿಸಿಕೊಂಡಿದ್ದರು. ಬೆಟ್ಟದ ಮೂರನೇ ತಿರುವಿನಲ್ಲಿ ಹೊಸ ಅಳಿಯ ಹೊಟ್ಟೆಯಲ್ಲಿದ್ದುದನ್ನೆಲ್ಲ ಮೀಟರುಗಳ ಮೇಲೆ ಸುರಿದುಬಿಟ್ಟ. ಮಾವ ಗಾಡಿ ನಿಲ್ಲಿಸಿ, ಅವನನ್ನು ಇಳಿಸಿ, ಎದುರಿಗೆ ಬಂದ ಬಸ್ಸಿಗೆ ಹತ್ತಿಸಿ, ತಾವು ಹೊರಟುಹೋದರು. ಆಮೇಲೆ ಮಾವ ಅಳಿಯನ ಮಧ್ಯೆ "ಊಟ ಆಯ್ತಾ?", "ಆಯ್ತು" ಬಿಟ್ಟು ಬೇರೆ ಮಾತು ಹುಟ್ಟಲೇ ಇಲ್ಲ. ಆ ಬಾಯಿಂದ ಒಂದೇ ಒಂದು ಸಲ 'ಭೇಷ್' ಅನ್ನಿಸಿಕೊಳ್ಳಬೇಕೆಂದು ಮಾಸ್ಟರು ಕಾದು ಕೂತಿದ್ದರು.

ಕಂಪ್ಯೂಟರ್ ಅಂಗಡಿಯವನು ಹೊಸಬನೇನಲ್ಲ, ಹೋದ ವರ್ಷ ಇವರ ಹತ್ತಿರವೇ ಕೋಟು ಹೊಲಿಸಿಕೊಂಡ ಗಿರಾಕಿ. ಅವನ ಮುಂದೆ ಮಾಸ್ಟರು ತಮ್ಮ ಸಿದ್ಧಾಂತ ಮಂಡಿಸಿದರು. ಕಂಪ್ಯೂಟರ್ ಅಂದರೇನು, ಒಂದು ಕೋಟು. ಚಿತ್ರ ತೋರಿಸುವ ಗ್ರಾಫಿಕ್ಸ್ ಕಾರ್ಡ್ ಹೊರಗಿನ ಬಟ್ಟೆ, ಕಣ್ಣಿಗೆ ಕಾಣುವುದೇ ಅದು. ಅದಕ್ಕೆ ದುಡ್ಡು ಸುರಿಯಬೇಕು. ಕರೆಂಟು ಕೊಡುವ ಪವರ್ ಸಪ್ಲೈ ಒಳಗೆ ಮೂಲೆಯಲ್ಲಿ ಕೂರುವ ಡಬ್ಬಿ. ಅದನ್ನು ಯಾರು ಬಗ್ಗಿ ನೋಡುತ್ತಾರೆ? ಅಲ್ಲಿ ಉಳಿಸಬೇಕು.

"ಮಾಸ್ಟ್ರೇ, ಈ ಕಾರ್ಡು ಕರೆಂಟು ಜಾಸ್ತಿ ಎಳೆಯತ್ತೆ. ಅಷ್ಟು ಸಣ್ಣ ಪವರ್ ಸಪ್ಲೈ ತಡ್ಕೊಳ್ಳಲ್ಲ" ಎಂದ ಅಂಗಡಿಯವನು.

"ನಿಮ್ಮ ವ್ಯಾಪಾರ ನಿಮಗೆ, ನನ್ನ ಲೆಕ್ಕ ನನಗೆ" ಎಂದು ಮಾಸ್ಟರು ಕಣ್ಣು ಮಿಟುಕಿಸಿದರು. ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು ಕಾರ್ಡಿನ ಉದ್ದ, ಅಗಲ, ದಪ್ಪ ಅಳೆದರು. ಅದರ ಮೈಗೆ ಕೂರುವಂತಹ ಪುಟ್ಟ ಕ್ಯಾಬಿನೆಟ್ ಪೆಟ್ಟಿಗೆ ಆರಿಸಿದರು. ದೊಡ್ಡದು ತಗೊಳ್ಳಿ ಎಂದವನಿಗೆ "ನನಗೇ ಅಳತೆ ಹೇಳಿಕೊಡ್ತೀರಾ?" ಎಂದರು. ಅವನು ಡಿಸ್ಕಿಗೆ ಆಟ ತುಂಬಿಕೊಟ್ಟ, ಮೇಜಿಗೆ ಕಚ್ಚಿಸುವ ಹಳೇ ಸ್ಟಿಯರಿಂಗ್ ಒಂದನ್ನೂ ಅಗ್ಗದಲ್ಲಿ ಹುಡುಕಿಕೊಟ್ಟ.

ಮನೆಯಲ್ಲಿ ಕತ್ತರಿಸುವ ಮೇಜಿನ ಮೇಲೆ ಮಹಾಕಾರ್ಯ ಶುರುವಾಯಿತು. ಕಾರ್ಡು ಕೂತಿತು, ಏನು ಅಂದವಾಗಿ ಕೂತಿತು ಅಂತೀರಿ! ಆದರೆ ಅದಕ್ಕೆ ಚುಚ್ಚಬೇಕಾದ ದಪ್ಪ ವೈರು ಕಾರ್ಡಿನ ನೆತ್ತಿಯ ಮೇಲೆ ಜುಟ್ಟಿನ ಹಾಗೆ ಎದ್ದು ನಿಂತಿತು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಜಪ್ಪಯ್ಯ ಅಂದರೂ ಮುಚ್ಚಲಿಲ್ಲ.

"ಗಿರಾಕಿಗೆ ಉಸಿರಾಡೋಕೆ ಅಂತ ಎರಡು ಬೆರಳು ಸಡಿಲ ಬಿಡೋರು, ಇದಕ್ಕೆ ಯಾಕ್ರೀ ಬಿಡಲಿಲ್ಲ?" ಎಂದಳು ಹೆಂಡತಿ. "ಹೋಗಲಿ, ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿ."

ಮಾಸ್ಟರು ಸೋಲುವ ಕುಳವಲ್ಲ. ಬಾಗಿಲನ್ನೇ ಕಿತ್ತು ಮಂಚದ ಕೆಳಗೆ ತಳ್ಳಿದರು. ಕೋಟಿನ ತುಂಡು ಬಟ್ಟೆಯಲ್ಲಿ ಒಂದು ಗವುಸು ಹೊಲಿದು, ಅಂಚಿಗೆ ಪೈಪಿಂಗ್ ಕೊಟ್ಟು, ಎರಡು ಗುಂಡಿ ಇಟ್ಟು ಕಂಪ್ಯೂಟರಿಗೆ ತೊಡಿಸಿದರು. ಮದುವೆ ಗಂಡಿಗೂ ಅಷ್ಟು ಚಂದ ಕೂತಿರಲಿಲ್ಲ.

ಮಾವನನ್ನು ಕೈಹಿಡಿದು ಕರೆತಂದು ಕೂರಿಸಿದರು. ಪರದೆಯ ಮೇಲೆ ಲಾರಿ ಕಂಡದ್ದೇ ತಡ, ಆ ಮನುಷ್ಯನ ಬೆನ್ನು ತಾನಾಗಿ ನೆಟ್ಟಗಾಯಿತು. ಇಲ್ಲದ ಕನ್ನಡಿಯನ್ನು ಸರಿಮಾಡಲು ಕೈ ಮೇಲಕ್ಕೆ ಹೋಯಿತು. ಲಾರಿ ಹೊರಟಿತು. ಸಪಾಟು ರಸ್ತೆಯಲ್ಲಿ ಬೆಣ್ಣೆಯ ಹಾಗೆ ಜಾರಿತು. "ರೀ, ಅಪ್ಪ ನಗ್ತಿದಾರೆ" ಎಂದು ಮಗಳು ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. ಮಾಸ್ಟರು ಮೀಸೆಗೆ ಕೈ ಹಾಕಿದರು. ಲಾರಿ ಬೆಟ್ಟದ ಬುಡಕ್ಕೆ ಬಂತು, ಮರ, ಬಂಡೆ, ತಿರುವು ಎಲ್ಲ ಒಟ್ಟಿಗೇ ತೆರೆದುಕೊಂಡವು. ಟಪ್ ಎಂದಿತು. ಪರದೆ ಕಪ್ಪಾಯಿತು.

"ಗವುಸಿನ ಸೆಖೆ" ಎಂದರು ಮಾಸ್ಟರು, ಗುಂಡಿ ಬಿಚ್ಚುತ್ತ. ಗವುಸು ತೆಗೆದು, ಆರಲು ಬಿಟ್ಟು, ಮತ್ತೆ ಹೊರಟರು. ಬೆಟ್ಟದ ಬುಡ, ಟಪ್. ಹೆಂಡತಿ ಬೀಸಣಿಗೆ ಹಿಡಿದು ಗಾಳಿ ಹಾಕಿದಳು. ಬೆಟ್ಟದ ಬುಡ, ಟಪ್.

ಮಾವ ಸ್ಟಿಯರಿಂಗ್ ಬಿಟ್ಟು ಕೈ ತೊಡೆಯ ಮೇಲಿಟ್ಟುಕೊಂಡರು. "ಸಪಾಟಲ್ಲಿ ಓಡತ್ತೆ, ಏರಲ್ಲಿ ನಿಲ್ಲತ್ತೆ. ಇಂಜಿನ್ ದೊಡ್ಡದು, ಡೀಸೆಲ್ ಸಾಲ್ತಿಲ್ಲ" ಎಂದು ಮೆಲ್ಲಗೆ ಎದ್ದು ಕಿಟಕಿಯ ಕಡೆ ನಡೆದರು. "ಇರಲಿ ಬಿಡಿ ಅಳಿಯಂದ್ರೇ. ನನ್ನದೂ ಇಷ್ಟೇ ರಸ್ತೆ ಅನ್ಸತ್ತೆ."

ಬೈದಿದ್ದರೆ ಮಾಸ್ಟರು ತಡೆದುಕೊಳ್ಳುತ್ತಿದ್ದರು. ಇದು ಕರುಳಿಗೇ ತಾಗಿತು. ಪವರ್ ಸಪ್ಲೈ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಅಂಗಡಿಗೆ ಓಡಿದರು.

ಅಂಗಡಿಯವನು ಡಬ್ಬಿ ನೋಡಿದ, ಮಾಸ್ಟರ ಮುಖ ನೋಡಿದ. "ಹೋದ ವರ್ಷ ನನ್ನ ಕೋಟಿಗೆ ಅಗ್ಗದ ಲೈನಿಂಗ್ ಸಾಕು ಅಂದಾಗ ನೀವು ನನಗೆ ಹೊಡೆಯೋದೊಂದು ಬಾಕಿ. ಕಾಣದೇ ಇರೋದಕ್ಕೇ ಜುಗ್ಗತನ ಮಾಡಬಾರ್ದು, ಲೈನಿಂಗ್ ಹೋದ್ರೆ ಕೋಟೇ ಹೋಯ್ತು ಅಂದಿದ್ರಿ. ಮರ್ತ್ರಾ ಮಾಸ್ಟ್ರೇ?"

ಮಾಸ್ಟರು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. ದುಡ್ಡು ಮುಗಿದಿತ್ತು. ಕೊನೆಗೆ ದೊಡ್ಡ ಪವರ್ ಸಪ್ಲೈಗೆ ಬದಲಾಗಿ ಎರಡು ಪ್ಯಾಂಟು ಹೊಲಿದುಕೊಡುವುದೆಂದು ಮಾತಾಯಿತು.

"ಸೊಂಟದಲ್ಲಿ ಎರಡು ಬೆರಳು ಸಡಿಲ ಇರಲಿ" ಎಂದ ಅವನು, ನಗು ಅದುಮಿಕೊಂಡು.

ಸಂಜೆ ಮಾವನನ್ನು ಮತ್ತೆ ಒಪ್ಪಿಸಿ ಕೂರಿಸುವಷ್ಟರಲ್ಲಿ ಮಗಳಿಗೆ ಸಾಕುಸಾಕಾಯಿತು. ಬೆಟ್ಟದ ಬುಡ ಬಂತು. ಮೂವರೂ ಉಸಿರು ಬಿಗಿಹಿಡಿದರು. ಲಾರಿ ಏರಿತು. ಮಾವ ಗೇರು ಇಳಿಸಿದರು, ಮೊದಲ ತಿರುವನ್ನು ಒಂದೇ ಎಳೆತಕ್ಕೆ ಸುತ್ತಿದರು. ಮಾಸ್ಟರು 'ಭೇಷ್'ಗಾಗಿ ಕಿವಿ ನೆಟ್ಟಗೆ ಮಾಡಿಕೊಂಡು ಹಿಂದೆ ನಿಂತರು. ಅದು ಬರಲಿಲ್ಲ.

"ಯಾಕೆ ನಿಂತೇ ಇದ್ದೀರಿ ಅಳಿಯಂದ್ರೇ?" ಎಂದರು ಮಾವ, ರಸ್ತೆಯಿಂದ ಕಣ್ಣು ತೆಗೆಯದೆ. "ಗಾಡೀಲಿ ಕ್ಲೀನರ್ ಇಲ್ಲ. ಬನ್ನಿ, ಪಕ್ಕದಲ್ಲಿ ಕೂತ್ಕೊಂಡು ಎಡಗಡೆ ನೋಡಿ ಹೇಳಿ."

ಮಾಸ್ಟರ ಕಣ್ಣು ಮಂಜಾಯಿತು. ಸ್ಟೂಲು ಎಳೆದುಕೊಂಡು ಕೂತು "ಬರ್ಲಿ, ಬರ್ಲಿ, ರೈಟ್" ಎಂದು ಗಂಟಲು ಬಿಟ್ಟು ಕೂಗಿದರು. ಎರಡನೇ ತಿರುವು ದಾಟಿತು. ಮೂರನೇ ತಿರುವಿನಲ್ಲಿ ಬೆಟ್ಟವೆಲ್ಲ ಪರದೆಯ ಮೇಲೆ ಗಿರ್ರನೆ ತಿರುಗಿತು. ಅದರ ಜೊತೆಗೇ ಮಾಸ್ಟರ ಹೊಟ್ಟೆಯೂ ತಿರುಗಿತು. ಬಾಯಿಗೆ ಎರಡೂ ಕೈ ಒತ್ತಿಕೊಂಡು ಬಚ್ಚಲಿಗೆ ಓಡಿದರು.

ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಳ್ಳುತ್ತ, ತಲೆ ತಗ್ಗಿಸಿಕೊಂಡು ಬಾಗಿಲಿಗೆ ಬಂದರು. ಪರದೆಯ ಮೇಲೆ ಲಾರಿ ರಸ್ತೆಯ ಪಕ್ಕಕ್ಕೆ ನಿಂತಿತ್ತು. ಇಂಡಿಕೇಟರ್ ಮಿಣುಕುತ್ತಿತ್ತು, ಇಂಜಿನ್ ಗುರುಗುಟ್ಟುತ್ತಿತ್ತು. ಮಾವ ಕೈಕಟ್ಟಿ ಕಾಯುತ್ತಿದ್ದರು.

"ಅವಸರ ಇಲ್ಲ, ನೀರು ಕುಡಿದು ಬನ್ನಿ" ಎಂದರು ಮಾವ. "ಈ ಸಲ ಬಸ್ಸಿಗೆ ಹತ್ತಿಸಲ್ಲ."