ದೊರೆಗಳೆಲ್ಲ ಪಕ್ಕದಂಗಡಿಗೆ

ಬಂದರಿನಲ್ಲಿ ಅಂಗಡಿ ಇಟ್ಟವನು ನಗೆಪಾಟಲಾಗಲು ಒಂದು ಸ್ಟೀಮರು ಬಂದರೆ ಸಾಕು. ಪಕ್ಕದಂಗಡಿಯವನ ಮೇಲೆ ಹೊಟ್ಟೆಕಿಚ್ಚೂ ಇದ್ದರೆ ಕೇಳುವುದೇ ಬೇಡ. ನನಗೆ ಅದು ಧಾರಾಳ ಇತ್ತು.

ಬ್ರಿಟಿಷರ ಕಾಲ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಬೊಂಬಾಯಿಯ ಸ್ಟೀಮರುಗಳು ಬರುತ್ತಿದ್ದವು. ಅವು ದೂರದಲ್ಲೇ ಲಂಗರು ಹಾಕಿದರೆ, ಊರು ನೋಡಲು ಹೊರಟ ದೊರೆಗಳು, ದೊರೆಸಾನಿಯರು ದೋಣಿಯಲ್ಲಿ ಬಂದು ದಡದ ಧಕ್ಕೆಗೆ ಇಳಿಯುತ್ತಿದ್ದರು. ಅಲ್ಲೇ ನನ್ನ ಅಂಗಡಿ: ಚಾಪೆ, ಬೆತ್ತದ ಬುಟ್ಟಿ, ಹಿತ್ತಾಳೆ ದೀಪ, ಬೀಸಣಿಗೆ. ಗೋಡೆಗೆ ಗೋಡೆ ತಾಗಿ ಒಬ್ಬರು ಬ್ಯಾರಿ ಸಾಯ್ಬರ ಅಂಗಡಿ. ಅವರಲ್ಲೂ ಅದೇ ಚಾಪೆ, ಅದೇ ಬುಟ್ಟಿ. ಗಿರಾಕಿ ಮಾತ್ರ ಅವರಲ್ಲೇ.

೧. ಕೋರ್ಟಿನ ಇಂಗ್ಲಿಷು

ಸಾಯ್ಬರಿಗೆ "ವೆರಿ ನೈಸ್, ಮೇಡಂ" ಎನ್ನಲು ಬರುತ್ತಿತ್ತು. ನನಗೆ ಅದೂ ಇಲ್ಲ. ಉರ್ವದಲ್ಲಿ ನಮ್ಮ ಮನೆಯ ಹತ್ತಿರ ಕೋರ್ಟಿನ ಪೇದೆಯೊಬ್ಬನಿದ್ದ. ಇಂಗ್ಲಿಷ್ ಕೇಳಿ ಕೇಳಿ ಪಳಗಿದ ಕಿವಿ ಅವನದು.

"ದಾರಿಯಲ್ಲಿ ಹೋಗುವ ದೊರೆಗಳನ್ನು ನಿಲ್ಲಿಸಬೇಕು ಮಾರಾಯ. ಎಂತ ಹೇಳ್ಬೇಕು?" ಎಂದು ಕೇಳಿದೆ.

"ನಮ್ಮ ಕೋರ್ಟಿನಲ್ಲಿ ಒಂದು ಮಾತು ಉಂಟು. ಅದನ್ನು ಹೇಳಿದ್ರೆ ಎಂಥವನೂ ನಿಲ್ತಾನೆ," ಎಂದು ಕಲಿಸಿಕೊಟ್ಟ.

ಮರುದಿನ ದೊರೆಗಳ ಗುಂಪು ಅಂಗಡಿಯ ಎದುರಿಗೆ ಬಂದದ್ದೇ ತಡ, ಎದೆಯುಬ್ಬಿಸಿ ಕೂಗಿದೆ: "ಸೈಲೆನ್ಸ್!"

ನಿಂತದ್ದು ಹೌದು. ಮಾತೂ ನಿಂತಿತು. ಒಬ್ಬ ಮುದಿ ದೊರೆ ಟೋಪಿಯನ್ನೂ ತೆಗೆದ. ಆಮೇಲೆ, ನನ್ನ ಅಂಗಡಿಯೊಳಗೆ ಯಾರೋ ತೀರಿಕೊಂಡಿರಬೇಕು ಎಂಬಂತೆ ಎಲ್ಲರೂ ತಲೆ ತಗ್ಗಿಸಿ ಸಾಯ್ಬರ ಅಂಗಡಿ ಹೊಕ್ಕರು.

೨. ಮಾವ ಕೊಟ್ಟ ಕುರ್ಚಿ

ದೊರೆಸಾನಿಯರು ಕೂತುಕೊಳ್ಳಲೆಂದು ಸಾಯ್ಬರು ಒಂದು ಸ್ಟೂಲು ಇಟ್ಟರು. ನನಗೆ ತಡೆಯಲಾಗಲಿಲ್ಲ. ಮನೆಯಿಂದ ಆರಾಮ ಕುರ್ಚಿಯನ್ನೇ ಹೊರಿಸಿಕೊಂಡು ಬಂದೆ. "ಅದು ನನ್ನ ಅಪ್ಪ ಕೊಟ್ಟದ್ದು!" ಎಂದು ಹೆಂಡತಿ ಬಾಗಿಲವರೆಗೆ ಬಂದು ಕೂಗಿದಳು.

ಒಬ್ಬ ದಪ್ಪ ದೊರೆ ಬಂದು ಕೂತ, ಒರಗಿದ, ಗೊರಕೆ ಹೊಡೆದ. ಹಿಂದೆ ಬಂದವರೆಲ್ಲ ಬಾಯಿಗೆ ಬೆರಳಿಟ್ಟು, ತುದಿಗಾಲಲ್ಲಿ ಪಕ್ಕದಂಗಡಿಗೆ ದಾಟಿದರು. ಎಬ್ಬಿಸೋಣವೆಂದರೆ ದೊರೆ, ಬಿಡೋಣವೆಂದರೆ ವ್ಯಾಪಾರ ಇಲ್ಲ. ಸ್ಟೀಮರು ಕೂಗಿದಾಗ ಬೆವರುತ್ತಾ ಎದ್ದ. ಇದೇ ಸಮಯವೆಂದು ಬೀಸಣಿಗೆ ಹಿಡಿದು ಓಡಿದೆ. ಅಷ್ಟರಲ್ಲಿ ಅವನ ಹೆಂಡತಿ ಪಕ್ಕದಿಂದ ಕೊಂಡು ತಂದದ್ದರಲ್ಲಿ ಬೀಸುತ್ತಿದ್ದಳು. ಕುರ್ಚಿ ನನ್ನದು, ಗಾಳಿ ಸಾಯ್ಬರದ್ದು!

೩. ಹೊಸ ಚಾಪೆ

ಒಂದು ದಿನ ಮನೆಗೆ ಹೋದರೆ ಜಗಲಿಯಲ್ಲಿ ಹೊಸ ಚಾಪೆ.

"ಎಲ್ಲಿಯದು?"

"ಸಾಯ್ಬರ ಅಂಗಡಿಯದು."

"ನಮ್ಮಲ್ಲಿ ಇಲ್ಲವಾ?"

"ನೀವು ಮನೆಗೆ ಹರಿದದ್ದನ್ನೇ ತರುವುದು. ಅವರು ಆರಿಸಿ ಕೊಟ್ರು," ಎಂದಳು ಹೆಂಡತಿ. ಚಾಪೆಯ ಅಂಚು ಸರಿಮಾಡುತ್ತಾ, "ಮತ್ತೆ... ನನಗೂ ಮೇಡಂ ಅಂದ್ರು."

೪. ಸಾಯ್ಬರಿಗೆ ಜ್ವರ

ಸ್ಟೀಮರು ಬರುವ ದಿನವೇ ಸಾಯ್ಬರು ಜ್ವರದಿಂದ ಮಲಗಿದರು. "ಇವತ್ತೊಂದು ದಿನ ನನ್ನ ಅಂಗಡಿಯನ್ನೂ ನೋಡಿಕೊಳ್ಳಿ ಮಾರಾಯ್ರೆ," ಎಂದು ಬೀಗದ ಕೈ ಕಳಿಸಿದರು. ದೇವರಿದ್ದಾನೆ ಅಂದುಕೊಂಡೆ. ಎರಡೂ ಅಂಗಡಿ ತೆರೆದು, ಅವರ ಗದ್ದುಗೆಯ ಮೇಲೆ ಕೂತೆ. ಬಂದ ಗಿರಾಕಿಗಳನ್ನೆಲ್ಲ ನನ್ನ ಅಂಗಡಿಗೆ ಅಟ್ಟುವುದೇ ನನ್ನ ಉಪಾಯ.

ದೊರೆಸಾನಿಯೊಬ್ಬಳು ಬುಟ್ಟಿ ಎತ್ತಿಕೊಂಡಳು. ನಾನು ಕೈಯಾಡಿಸಿ, "ಇದು ಬೇಡ, ಅಲ್ಲಿ ಒಳ್ಳೆಯದು ಉಂಟು," ಎಂದು ನನ್ನ ಅಂಗಡಿ ತೋರಿಸಿದೆ. ಜೊತೆಗಿದ್ದ ಕಸ್ಟಮ್ಸ್ ಗುಮಾಸ್ತ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಅವಳ ಕಣ್ಣು ತುಂಬಿತು; ಅವನಿಗೆ ಏನೋ ಹೇಳಿದಳು.

"ಎಂತ ಹೇಳ್ತಾಳೆ?" ಎಂದು ಗುಮಾಸ್ತನನ್ನು ಕೇಳಿದೆ.

"ಪಕ್ಕದವನ ಸರಕನ್ನು ಹೊಗಳುವ ವ್ಯಾಪಾರಿಯನ್ನು ಲೋಕದಲ್ಲೆಲ್ಲೂ ಕಂಡಿಲ್ಲವಂತೆ. ಕೊಳ್ಳುವುದಾದರೆ ನಿಮ್ಮಿಂದಲೇ ಅಂತೆ."

ಅವಳು ಉಳಿದವರನ್ನೂ ಕರೆದಳು. ನಾನು ಬೇಡ ಬೇಡ ಎಂದಷ್ಟೂ ನನ್ನ ಪ್ರಾಮಾಣಿಕತೆ ಹೆಚ್ಚುತ್ತಾ ಹೋಯಿತು. ಸಂಜೆಯೊಳಗೆ ಸಾಯ್ಬರ ಅಂಗಡಿಯಲ್ಲಿ ಉಳಿದದ್ದು ಸ್ಟೂಲು ಮಾತ್ರ. ನನ್ನದರಲ್ಲಿ ಒಂದು ಬೀಸಣಿಗೆಯೂ ಕದಲಿರಲಿಲ್ಲ.

ಬೀಗದ ಕೈ ಕೊಡಲು ಹೋದೆ. ವಿಷಯ ಕೇಳಿ ಸಾಯ್ಬರು ಕಂಬಳಿ ಸರಿಸಿ ಎದ್ದು ಕೂತರು.

"ಜ್ವರ ಹೇಗುಂಟು?" ಎಂದೆ.

"ಬಿಟ್ಟಿತು," ಎಂದವರು ಮತ್ತೆ ಕಂಬಳಿ ಎಳೆದುಕೊಂಡು ಮಲಗಿದರು. "ಆದ್ರೆ ಮುಂದಿನ ಸ್ಟೀಮರಿಗೆ ಪುನಃ ಬರ್ತದೆ ಮಾರಾಯ್ರೆ. ಬೀಗದ ಕೈ ನಿಮ್ಮಲ್ಲೇ ಇರಲಿ."