ಸಲಹೆಗಾರನಿಗೆ ಗಿರಾಕಿ ಬೇಕಾಗಿದ್ದಾರೆ

ಕಾಯಿಲೆ ಬಂದವರು ವೈದ್ಯರನ್ನು ಹುಡುಕಿಕೊಂಡು ಹೋಗುತ್ತಾರೆ. ನನ್ನ ವೃತ್ತಿಯಲ್ಲಿ ವೈದ್ಯನೇ ಚೀಲ ಹಿಡಿದು, ಗಟ್ಟಿಮುಟ್ಟಾಗಿರುವವರ ಮನೆಗೆ ಹೋಗಿ, "ನಿಮಗೊಂದು ಕಾಯಿಲೆ ಇದೆ" ಎಂದು ನಂಬಿಸಬೇಕು. ಹೀಗಾಗಿ ನಾನು ನಗೆಪಾಟಲಾಗದ ವಾರವೇ ಇಲ್ಲ.

ಹುಬ್ಬಳ್ಳಿಯ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಇಪ್ಪತ್ತು ವರ್ಷ ಇದ್ದೆ. ತಪ್ಪು ಕಂಡಲ್ಲೆಲ್ಲ ಕೆಂಪು ಶಾಯಿಯ ಗುರುತು ಹಾಕಿ, ಕೊನೆಗೆ ಮಾಲೀಕರ ಭಾಷಣದ ಪ್ರತಿಗೂ ಹಾಕಿ, ರಾಜೀನಾಮೆ ಕೊಟ್ಟು ಶಿರಸಿಗೆ ಬಂದೆ. ಸಣ್ಣ ಉದ್ಯಮಗಳಿಗೆ ಸಲಹೆ ಕೊಡುವ ಕಚೇರಿ ತೆರೆದೆ. ಹೆಂಡತಿ ಗಡುವು ಕೊಟ್ಟಳು: "ದೀಪಾವಳಿ ಒಳಗೆ ಒಬ್ಬ ಗಿರಾಕಿಯಾದ್ರೂ ಬರ್ಲೇಬೇಕು. ಇಲ್ಲೆ ಅಂದ್ರೆ ಎನ್ನ ಅಣ್ಣನ ಟೈಲ್ಸ್ ಅಂಗಡೀಲಿ ಕೂರದೇಯ."

ಆ ಅಂಗಡಿಯ ಅಳತೆ ಟೇಪು ತುದಿಯಲ್ಲಿ ಒಂದು ಇಂಚು ತುಂಡಾಗಿದೆ. ಅಲ್ಲಿ ನಾನು ಒಂದು ದಿನವೂ ಬಾಳಲಾರೆ. ಬಾಳಿದರೆ ಅಂಗಡಿ ಬಾಳದು.

೧. ಯಾರ ಮನೆ?

ಮೊದಲು ಹೋದದ್ದು ಶಿರಸಿಯಲ್ಲೇ, ಜೇನು ಮಾರುವ ಹಿರಿಯರೊಬ್ಬರ ಬಳಿ. ಇಂಗ್ಲಿಷ್ ಮೀಡಿಯಂನಲ್ಲಿ ಕಲಿತವನು ನಾನು. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಒಂದು ಕಾಮಾ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅವರು ಅದನ್ನು ಓದದೆ ಜೇಬಿಗೆ ಹಾಕಿ, "ಯಾವೂರು? ಯಾರ ಮನೆ?" ಎಂದರು. ಮೂರನೇ ಪ್ರಶ್ನೆಗೆ ನಾನು ಅವರ ಅತ್ತಿಗೆಯ ಸೋದರಮಾವನ ಅಳಿಯ ಎಂದು ಪತ್ತೆಯಾಯಿತು.

"ಹಂಗಾರೆ ನಮ್ಮವನೇ ಆತು! ನಮ್ಮವ್ರ ಹತ್ರ ಕರಾರು ಎಂತಕ್ಕೆ ತಮಾ? ಸಂಜೆ ವಾಕಿಂಗ್ ಬಂದಾಗ ಒಂದೆರಡು ಸಲಹೆ ಹಂಗೇ ಹೇಳಿಕ್ಕೆ ಹೋಗು."

ಸುಳ್ಳು ಹೇಳುವುದು ನನ್ನ ತತ್ವಕ್ಕೆ ವಿರುದ್ಧ. ಆದ್ದರಿಂದ ಈಗ ಯಾರಾದರೂ "ಯಾರ ಮನೆ?" ಎಂದರೆ ಜೋರಾಗಿ ಕೆಮ್ಮುತ್ತೇನೆ.

೨. ಹಿಡಿ ಉಪ್ಪು

ಕೋಲಸಿರ್ಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ.

"ಉಪ್ಪು ಎಷ್ಟು ಹಾಕ್ತೀರಿ?" ಎಂದು ಕೇಳಿದೆ.

"ಕೈಗೆ ಬಂದಷ್ಟು."

ಇದೇ ಕಾಯಿಲೆ! ಒಂದು ಹಿಡಿಗೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಬರುತ್ತದೆಂದು ತೋರಿಸುತ್ತೇನೆಂದು ಚೀಲದಿಂದ ಡಿಜಿಟಲ್ ತಕ್ಕಡಿ ತೆಗೆದೆ. ಅವರು ನನ್ನೊಡನೆ ಮಾತಾಡುತ್ತಲೇ, ಉಪ್ಪಿನ ಕಡೆ ನೋಡದೆ, ಒಂದು ಹಿಡಿ ಹಾಕಿದರು. ಎರಡನೆಯದು, ಮೂರನೆಯದು. ಮೂರೂ ಸಲ ಒಂದೇ ತೂಕ, ಒಂದು ಗ್ರಾಂ ಆಚೀಚೆ ಇಲ್ಲ.

ನನ್ನ ಬೆವರು ನೋಡಿ ಅಕ್ಕನಿಗೆ ಕನಿಕರ ಬಂತು. "ಹೆದ್ರಡಿ ತಮ್ಮಾ. ನಿಮ್ಮ ತಕ್ಕಡಿ ಸರಿ ಇದ್ದು."

೩. ಆಸರಿಗೆ

ಕೆಲಸದ ಕರಾರು ಆಗುವ ಮೊದಲು ಗಿರಾಕಿಯ ಮನೆಯಲ್ಲಿ ನೀರೂ ಮುಟ್ಟಬಾರದೆಂಬುದು ನನ್ನ ನಿಯಮ. ಬಂದವರಿಗೆ ಆಸರಿಗೆ, ಅಂದರೆ ಕುಡಿಯಲು ಏನಾದರೂ, ಕೊಡದೆ ಮಾತೆತ್ತಬಾರದೆಂಬುದು ನಮ್ಮ ಕಡೆಯ ನಿಯಮ. ಸಿದ್ದಾಪುರದ ಅಕ್ಕಿ ಗಿರಣಿ ಮಾಲೀಕರ ಮನೆಯಲ್ಲಿ ಎರಡೂ ಡಿಕ್ಕಿ ಹೊಡೆದವು.

"ಚಾ?"

"ಬೇಡ."

"ಕಷಾಯ?"

"ಬೇಡ."

"ಮಜ್ಜಿಗೆ? ಬೆಲ್ಲ-ನೀರು? ಒಂದು ಕವಳ ಆದ್ರೂ ಹಾಕಿ."

"ಎಲೆಅಡಿಕೆಯೂ ಬೇಡ."

ಮಾಲೀಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ತಿರುಗಿ ಕೂಗಿದರು: "ಏ ಇವಳೇ, ಇವ್ರಿಗೆ ಎಂತೂ ಸೇರ್ತಿಲ್ಲೆ ಕಾಣ್ತು!"

ಅವರು ಕರಾರಿಗೆ ಸಹಿ ಹಾಕಲು ಪೆನ್ನು ತೆಗೆದಿಟ್ಟಿದ್ದರು. ಅದೇ ಪೆನ್ನಿನಲ್ಲಿ ನಾಟಿ ವೈದ್ಯರೊಬ್ಬರ ವಿಳಾಸ ಬರೆದುಕೊಟ್ಟರು. "ಇಂಥಾ ಹೊತ್ತಲ್ಲಿ ನಿಮ್ಮ ಕೈಲಿ ಕೆಲಸ ಮಾಡ್ಸಿದ್ರೆ ನಂಗೆ ಪಾಪ ಬತ್ತು."

೪. ಯಲ್ಲಾಪುರ

ದೀಪಾವಳಿಗೆ ನಾಲ್ಕು ದಿನ ಇತ್ತು. ಯಲ್ಲಾಪುರದಲ್ಲಿ ಆರು ಟೆಂಪೋ ಓಡಿಸುವ ಸಾಹುಕಾರರು ಕರೆದಿದ್ದರು. ಚಾಲಕರಲ್ಲಿ ಶಿಸ್ತಿಲ್ಲ, ಹೊತ್ತಿಗೆ ಬರುವುದಿಲ್ಲ ಎಂಬುದು ಅವರ ದೂರು. ನಾನು ಮೂವತ್ತಾರು ಸ್ಲೈಡುಗಳನ್ನು ಮಾಡಿಕೊಂಡು ಹೋದೆ. ಮೊದಲನೆಯದನ್ನು ಗೋಡೆಯ ಮೇಲೆ ಬಿಡುವಾಗ ಕರೆಂಟು ಹೋಯಿತು.

ಪುರಾವೆ ತೋರಿಸದೆ ಮಾತಾಡುವುದು ನನಗಾಗದು. ಕೈಕಟ್ಟಿ ಹೊರಗೆ ಅಂಗಳದಲ್ಲಿ ನಿಂತೆ. ಅರ್ಧ ಗಂಟೆ ಬಾಯಿ ಬಿಡಲಿಲ್ಲ, ಸುಮ್ಮನೆ ನೋಡುತ್ತಿದ್ದೆ. ಟೈಲ್ಸ್ ಅಂಗಡಿಯ ಸ್ಟೂಲೇ ಕಣ್ಣ ಮುಂದಿತ್ತು.

ಒಬ್ಬ ಚಾಲಕ ಗುಟ್ಕಾ ಉಗುಳಿ ಬಂದ. ಇನ್ನೊಬ್ಬ ಅಂಗಿಯ ಗುಂಡಿ ಹಾಕಿಕೊಂಡ. ತಡವಾಗಿ ಬಂದ ಮೂರನೆಯವನು ನನ್ನ ಮುಖ ನೋಡಿದ್ದೇ, ಕೇಳದೆಯೇ ಟೆಂಪೋ ತೊಳೆಯಲು ಶುರುಮಾಡಿದ.

ಕರೆಂಟು ಬಂತು. ನಾನು ಒಳಗೆ ಓಡಿದೆ. ಸಾಹುಕಾರರು ಕೈ ಅಡ್ಡ ಹಿಡಿದರು.

"ಬ್ಯಾಡ್ರಿ ಸಾರ್, ಅದನ್ನ ಬಂದ್ ಮಾಡ್ರಿ. ಹದಿನೈದು ವರ್ಷ ಬಾಯಿ ಹರ್ಕೊಂಡೆ, ಒಬ್ಬನೂ ಕೇಳ್ಲಿಲ್ಲ. ನೀವು ಪ್ರತಿ ಸೋಮವಾರ ಬಂದು ಒಂದು ತಾಸು ಅಲ್ಲೇ ನಿಲ್ರಿ. ಏನೂ ಹೇಳ್ಬ್ಯಾಡ್ರಿ. ನಿಮ್ಮ ಮುಖ ಒಂದು ಇದ್ರೆ ಸಾಕು."

ಒಂದು ವರ್ಷದ ಕರಾರು. ನನ್ನ ಮೊದಲ ಗಿರಾಕಿ! ಸಂಜೆ ಮನೆಗೆ ಬಂದು, ತಪ್ಪಿಲ್ಲದಂತೆ, ನಡೆದದ್ದು ನಡೆದ ಹಾಗೆ ಹೆಂಡತಿಗೆ ವರದಿ ಒಪ್ಪಿಸಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, ನನ್ನ ಮುಖವನ್ನೇ ಒಂದು ನಿಮಿಷ ದಿಟ್ಟಿಸಿದಳು.

"ಇಪ್ಪತ್ತೆರಡು ವರ್ಷ ಆನು ಇದನ್ನ ಪುಕ್ಕಟೆ ನೋಡಿದ್ನಲ್ರಾ!"